ಕೊಪ್ಪರಿಗೆಯಡಿಯ ಸಮುದ್ರ

ವಿಜ್ಞಾನದ ಮೇಷ್ಟ್ರಾದವನು ‘ತಾತ್ವಿಕವಾಗಿ ಸಾಧ್ಯ’ ಎಂಬ ಮಾತನ್ನು ತರಗತಿಯ ಬಾಗಿಲು ಹಾಕಿಕೊಂಡು ಆಡಬೇಕು. ಊರಿನವರ ಕಿವಿಗೆ ಬಿದ್ದರೆ ಅವರು ‘ತಾತ್ವಿಕವಾಗಿ’ಯನ್ನು ಅಲ್ಲೇ ಬಿಟ್ಟು ‘ಸಾಧ್ಯ’ವನ್ನಷ್ಟೇ ಮನೆಗೆ ಕೊಂಡೊಯ್ಯುತ್ತಾರೆ. ಇದನ್ನು ನಾನು ಕಲಿತದ್ದು ಕೆರೆಯ ನೀರಿನಲ್ಲಿ.

ಆಗ ನಾನು ಬೈರಾಪಟ್ಟಣದ ಹತ್ತಿರ ಪ್ರೌಢಶಾಲೆಯೊಂದರಲ್ಲಿದ್ದೆ. ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ತಲೆಯೆತ್ತುತ್ತಿದ್ದ ಕಾಲ. ಮಕ್ಕಳು ಸಮವಸ್ತ್ರ ತೊಟ್ಟು ಶಾಲೆಗೆ ಹೊರಡುವ ಮೊದಲೇ ಅವರ ಅಪ್ಪಂದಿರು ಸಮವಸ್ತ್ರ ತೊಟ್ಟು ಕಂಪನಿ ಬಸ್ಸು ಹತ್ತಿರುತ್ತಿದ್ದರು. ಆ ವರ್ಷ ಮುಖ್ಯೋಪಾಧ್ಯಾಯಿನಿ ಸುಶೀಲಮ್ಮನವರು ಊರಿನವರನ್ನೂ ಸೇರಿಸಿಕೊಂಡು ಸಾಗರ ಶೋಧನೆಯ ಬಗ್ಗೆ ಕಾರ್ಯಕ್ರಮ ಮಾಡೋಣವೆಂದರು. ಸಮುದ್ರಕ್ಕೂ ನಮ್ಮೂರಿಗೂ ಇದ್ದ ನಂಟೆಂದರೆ ಅಂಗಡಿಯ ಉಪ್ಪಿನ ಪೊಟ್ಟಣ ಮಾತ್ರ.

ನಾನು ಸುಲಭದ ಪ್ರಯೋಗವೊಂದನ್ನು ಆರಿಸಿಕೊಂಡು, ಮೊದಲು ತರಗತಿಯಲ್ಲಿ ಮಾಡಿ ತೋರಿಸಿದೆ. ತಳದಲ್ಲಿ ಕಾಗದ ತುರುಕಿದ ಲೋಟವನ್ನು ಬಕೆಟ್ಟಿನ ನೀರಿಗೆ ಬೋರಲಾಗಿ ಮುಳುಗಿಸಿದೆ. ಕಾಗದ ಒದ್ದೆಯಾಗಲಿಲ್ಲ. “ಒಳಗೆ ಗಾಳಿ ಉಳಿಯುತ್ತದೆ. ಹಿಂದೆ ಹೀಗೇ ಬೋರಲು ಹಾಕಿದ, ಗಂಟೆಯಾಕಾರದ ದೊಡ್ಡ ಪಾತ್ರೆಯೊಳಗೆ ಕುಳಿತು ಸಮುದ್ರಕ್ಕೆ ಇಳಿಯುತ್ತಿದ್ದರು” ಎಂದೆ.

ಒಂಬತ್ತನೇ ತರಗತಿಯ ಶೋಭಾ ಎದ್ದು, “ಹಂಗಾರೆ ದೊಡ್ ಪಾತ್ರೆ ಇದ್ರೆ ನೀವೂ ಇಳೀಬೋದಾ ಸಾ?” ಎಂದಳು.

“ತಾತ್ವಿಕವಾಗಿ ಸಾಧ್ಯ.”

ಕಿಟಕಿಯಾಚೆ ಶಾಲಾ ಸಮಿತಿಯ ಅಧ್ಯಕ್ಷರಾದ ಪುಟ್ಟಸ್ವಾಮಣ್ಣ ನಿಂತಿದ್ದರು. “ಅದಕ್ಯಾಕ್ ಯೋಚ್ನೆ ಮೇಷ್ಟ್ರೇ? ದೇವಸ್ಥಾನದಾಗೆ ಅನ್ನ ಮಾಡೋ ಕೊಪ್ಪರಿಗೆ ಐತೆ, ಕೆರೆ ಐತೆ. ಇಳ್ದ್‌ಬುಡಿ!” ಎಂದರು. ಸಂಜೆಯೊಳಗೆ ಮೇಷ್ಟ್ರು ಕೆರೆಗಿಳಿಯುತ್ತಾರೆಂದು ಊರಿಗೆಲ್ಲ ಸುದ್ದಿ ಹಬ್ಬಿ, ಹಿಂದೆ ಸರಿಯಲು ದಾರಿಯೇ ಉಳಿಯಲಿಲ್ಲ.

ನನಗೆ ಈಜು ಬಾರದು. ಮನೆಯಲ್ಲಿ ಹೇಳಿದರೆ ನನ್ನ ಹೆಂಡತಿ ಗಿರಿಜೆ, “ಸ್ನಾನ ಮಾಡುವಾಗ ಎರಡು ಚೊಂಬು ನೀರು ಒಟ್ಟಿಗೆ ಬಿದ್ದರೆ ಕೂಗಿಕೊಳ್ತೀರಿ. ನೀವು ಸಮುದ್ರಕ್ಕಾ?” ಎಂದು ನಕ್ಕಳು. ಸಾಲದ್ದಕ್ಕೆ, ಹೆದ್ದಾರಿ ಅಗಲ ಮಾಡುವ ಲಾರಿಗಳು ಕೆರೆಯ ಮಣ್ಣು ಹೊತ್ತೊಯ್ದು ಅಲ್ಲಲ್ಲಿ ಗುಂಡಿ ಬಿಟ್ಟಿದ್ದವು. ಎಲ್ಲಿ ಮೊಣಕಾಲುದ್ದ ನೀರು, ಎಲ್ಲಿ ಆಳುದ್ದ ಎಂದು ಯಾರಿಗೂ ನೆಟ್ಟಗೆ ಗೊತ್ತಿರಲಿಲ್ಲ.

ಕಾರ್ಯಕ್ರಮದ ದಿನ ಕೆರೆ ಏರಿಯ ಮೇಲೆ ಜಾಗವಿಲ್ಲದಷ್ಟು ಜನ. ಶೋಭಾಳ ಅಪ್ಪ ತಮ್ಮ ಕಾರ್ಖಾನೆಯ ಹಳದಿ ಹೆಲ್ಮೆಟ್ಟನ್ನು ನನ್ನ ತಲೆಗೆ ತೊಡಿಸಿ, ಸೊಂಟಕ್ಕೆ ಹಗ್ಗ ಬಿಗಿದು, “ಭಯ ಬೀಳಬ್ಯಾಡಿ ಸಾ, ನಾನು ಹಿಡ್ಕಂಡಿವ್ನಿ” ಎಂದರು. ಹಾಗೆನ್ನುವವರೆಗೆ ಇದ್ದ ಅಷ್ಟಿಷ್ಟು ಧೈರ್ಯವೂ ಹೋಯಿತು. ನಾಲ್ಕು ಜನ ಕೊಪ್ಪರಿಗೆಯನ್ನು ನನ್ನ ಮೇಲೆ ಬೋರಲು ಹಾಕಿ, ನೀರಿಗೆ ನಡೆಸಿ, ಕುಕ್ಕರುಗಾಲಲ್ಲಿ ಕೂರಿಸಿದರು.

ಆದರೆ ಕೊಪ್ಪರಿಗೆ ಮುಳುಗಲು ಒಪ್ಪಲೇ ಇಲ್ಲ! ಒಳಗೆ ಗಾಳಿ ತುಂಬಿಕೊಂಡು ದೋಣಿಯ ಹಾಗೆ ತೇಲಿತು. ಈ ತೇಲುವ ನಿಯಮವನ್ನು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದವನು ನಾನೇ. ಆದರೂ ಭಯದಲ್ಲಿ ಹೊಳೆದಿರಲಿಲ್ಲ. ಬದುಕಿದೆ ಎಂದು ಉಸಿರು ಬಿಡುವಷ್ಟರಲ್ಲಿ ಪುಟ್ಟಸ್ವಾಮಣ್ಣನ ದನಿ ಕೇಳಿಸಿತು: “ಒಸಿ ಭಾರ ಸಾಲ್ದು ಕಣ್ಲಾ, ಇಬ್ರು ಮೇಲೆ ಕುಂತ್ಕಳಿ!”

ಇಬ್ಬರು ಕುಳಿತರು. ಕೊಪ್ಪರಿಗೆ ಒಂದು ಪಕ್ಕಕ್ಕೆ ವಾಲಿ, ಬುಳುಬುಳು ಎಂದು ಗಾಳಿಯನ್ನೆಲ್ಲ ಕಕ್ಕಿ ಮಗುಚಿತು. ನಾನು ಕಾಲು ಜಾರಿ ನೀರೊಳಗೆ ಹೋದೆ. ಮೂಗು, ಬಾಯಿ, ಕಿವಿ ಎಲ್ಲವೂ ಕೆರೆ. ಗಿರಿಜೆಯ ಮುಖ ಒಮ್ಮೆ ಕಣ್ಣೆದುರು ಬಂದು ಹೋಯಿತು. ಕೈಕಾಲು ಬಡಿಯುತ್ತಾ ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತಿದ್ದಾಗ ಶೋಭಾಳ ಅಪ್ಪ ಹಗ್ಗ ಜಗ್ಗಿ ಕೂಗಿದರು: “ಎದ್ ನಿಂತ್ಕಳಿ ಸಾ! ಸೊಂಟದ್ ಮಟ್ಟಾನೂ ಇಲ್ಲ ನೀರು!”

ಎದ್ದು ನಿಂತೆ. ಹೌದು, ಇರಲಿಲ್ಲ. ಜನ ನಕ್ಕರೋ ಚಪ್ಪಾಳೆ ತಟ್ಟಿದರೋ ತಿಳಿಯಲಿಲ್ಲ. ಕಾಲಡಿ ಸಿಕ್ಕಿದ ಆ ಕೆಸರಿನಷ್ಟು ಹಿತವಾದ ನೆಲವನ್ನು ನಾನು ಇಂದಿಗೂ ತುಳಿದಿಲ್ಲ. ಸುಶೀಲಮ್ಮನವರು ಟವಲ್ಲು ಕೊಟ್ಟು, “ಆಳಕ್ಕೆ ಇಳಿಯುವುದು ಎಷ್ಟು ಕಷ್ಟವೆಂದು ಮಕ್ಕಳಿಗೆ ಚೆನ್ನಾಗಿ ಅರ್ಥವಾಯಿತು” ಎಂದರು.

ಶೋಭಾ ಮಾತ್ರ ಗಂಭೀರವಾಗಿದ್ದಳು. “ಒಳಗೆ ಏನ್ ಕಾಣಿಸ್ತು ಸಾ?”

“ಬರೀ ಕತ್ತಲು ಕಣಮ್ಮ.”

ಅವಳು ಗೆಳತಿಯರ ಕಡೆ ತಿರುಗಿ, “ನೋಡ್ದ್ರಾ? ಆಳದಾಗೆ ಬೆಳಕು ಹೋಗಕಿಲ್ಲ ಅಂತ ಪಾಠದಾಗೆ ಇತ್ತಲ್ಲ, ಅದೇ!” ಎಂದು ವಿವರಿಸತೊಡಗಿದಳು. ಇಷ್ಟು ಚೆನ್ನಾಗಿ ಕಲಿತ ಹುಡುಗಿಗೆ, ನಾನು ಕಣ್ಣೇ ಬಿಟ್ಟಿರಲಿಲ್ಲ ಎಂದು ಹೇಳುವ ಮನಸ್ಸಾಗಲಿಲ್ಲ.