ಮಾವನ ಸೀನು ಮತ್ತು ಕಿಟಕಿ ಪಕ್ಕದ ಮೇಜು

೧

ಗಲ್ಲಾದಲ್ಲಿ ಕೂತ ನಮ್ಮ ಸೋದರಮಾವ ಗಿರಾಕಿಯ ಮುಖಕ್ಕೆ ಎಂದೂ ಸೀನುವವರಲ್ಲ; ಮರ್ಯಾದೆಯಿಂದ ಪಕ್ಕಕ್ಕೆ ತಿರುಗುತ್ತಾರೆ. ಪಕ್ಕದಲ್ಲಿ ಸ್ಟ್ಯಾಂಡ್ ಫ್ಯಾನು. ಅದರ ಮುಖ ಗಿರಾಕಿಗಳ ಕಡೆ.

ವಿಲೆ ಪಾರ್ಲೆಯ ಅವರ ಹೋಟೆಲಿನಲ್ಲಿ ಇಂಥದು ನಡೆಯುತ್ತಲೇ ಇರುತ್ತದೆ. ನನ್ನ ಎಂಜಿನಿಯರಿಂಗ್ ಪ್ರಾಜೆಕ್ಟಿಗೆ ಬೇಕಾದದ್ದೂ ಇಂಥದೇ. ಸೀನುವವರು ಟ್ರಾನ್ಸ್‌ಮಿಟರ್, ಗಾಳಿ ಚಾನೆಲ್, ಉಸಿರೆಳೆಯುವವರು ರಿಸೀವರ್. ಮೊಬೈಲ್ ಕಂಪನಿಯವರು ಸಿಗ್ನಲ್ ತಲುಪಲಿ ಎಂದು ಹಾಕುವ ಲೆಕ್ಕವನ್ನೇ ನಾನು ವೈರಸ್ ತಲುಪದಿರಲಿ ಎಂದು ಹಾಕುತ್ತೇನೆ. ಯಾವ ಮೇಜಿಗೆ ಎಷ್ಟು ತಲುಪುತ್ತದೆಂದು ಕಿಟಕಿ ಮುಚ್ಚಿ ಒಮ್ಮೆ, ತೆಗೆದು ಒಮ್ಮೆ ಅಳೆಯಬೇಕು. ಸೋಮವಾರ ಒಪ್ಪಿಸದಿದ್ದರೆ ಫೇಲು.

"ಮಾವ, ನಿಮ್ಮ ಫ್ಯಾನು ಆಂಪ್ಲಿಫೈಯರ್," ಎಂದೆ.

ಮಾವನ ಮುಖ ಅರಳಿತು. "ಹೌದಾ? ಅಂಗಡಿಯವ ಬರೀ ಫ್ಯಾನು ಅಂತ ಕೊಟ್ಟದ್ದು ಮಾರಾಯ್ತಿ!"

೨

ವೈರಸ್ ಬದಲಿಗೆ ಧೂಪದ ಹೊಗೆ ಬಿಟ್ಟು ಅಳೆಯುವುದೆಂದು ತೀರ್ಮಾನವಾಯಿತು. ಮೇಜುಗಳ ಮೇಲೆ ಗಾಳಿಯ ಕಣ ಎಣಿಸುವ ಡಬ್ಬಿಗಳನ್ನಿಟ್ಟೆ. ಧೂಪ ಹಚ್ಚುವ ಮೊದಲೇ ಒಂದು ಡಬ್ಬಿ ಕೀಚ್ ಎಂದಿತು. ವಿಜಯಪುರ ಕಡೆಯ ಹಿರಿಯ ವೇಟರ್ ಓಡಿಬಂದರು.

"ಅಕ್ಕಾರ, ಡಬ್ಬಿ ಒದರಾಕ ಹತ್ತೈತ್ರಿ! ಬಂತೇನ್ರಿ ವೈರಸ್ಸು?"

"ಇಲ್ಲ ಕಾಕಾ, ಸಾಂಬಾರಿನ ಒಗ್ಗರಣೆ."

ಸಿಗ್ನಲ್ ನಡುವೆ ಬೇಡದೆ ನುಗ್ಗುವ ಇಂಥದ್ದಕ್ಕೆ ನಮ್ಮ ಪಾಠದಲ್ಲಿ ನಾಯ್ಸ್ ಎನ್ನುತ್ತಾರೆ. ಅಡುಗೆ ಭಟ್ಟರಿಗೆ ಹಾಗೆ ಹೇಳುವ ಧೈರ್ಯ ನನಗಿರಲಿಲ್ಲ.

೩

ಕೂಗಿದರೆ ಬಾಯಿಂದ ಹೆಚ್ಚು ಹನಿ ಹಾರುತ್ತವೆ ಎಂದದ್ದೇ ತಪ್ಪಾಯಿತು. ಮಾರನೇ ದಿನ ಮಾವ ಆರ್ಡರ್ ಕೂಗುವುದನ್ನೇ ನಿಲ್ಲಿಸಿದರು. ಎಲ್ಲಾ ಚೀಟಿ, ಕೈಸನ್ನೆ. ದಿನಾ ಬರುವ ಮರಾಠಿ ಅಜ್ಜ ಬಾಗಿಲಲ್ಲೇ ಟೋಪಿ ತೆಗೆದು ಪಿಸುಗುಟ್ಟಿದರು: "ಯಾರು ಹೋದರು, ಶೇಟ್?"

೪

ಉಳಿದದ್ದು ಕಿಟಕಿ ತೆಗೆದು ಅಳೆಯುವುದು. ಅದರ ಪಕ್ಕದ ಮೇಜಿನಲ್ಲಿ ಒಬ್ಬರು ಪೇಪರ್ ಬಿಡಿಸಿ ಕೂತಿದ್ದರು.

"ಗಿರಾಕಿಗೆ ನಾನು ಹೇಳುವುದಿಲ್ಲಪ್ಪ," ಎಂದರು ಮಾವ. "ನೀನೇ ಕೇಳು ಮಗಾ. ಸೋಮವಾರ ಪ್ರೊಫೆಸರ್‌ಗಳ ಎದುರು ಬಾಯಿ ಬಿಡಬೇಕಲ್ಲ?"

ನನ್ನ ದನಿ ಕ್ಲಾಸಿನ ಎರಡನೇ ಬೆಂಚಿಗೂ ಮುಟ್ಟುವುದಿಲ್ಲ. ಎದ್ದು ನಿಂತೆ.

"ಸರ್, ಸ್ವಲ್ಪ ಕಿಟಕಿ ತೆಗೀತೀರಾ?"

ಅವರು ಪುಟ ತಿರುಗಿಸಿದರು. ನನ್ನ ಲೆಕ್ಕವಂತೂ ಸರಿಯಿತ್ತು: ಇಷ್ಟು ಮೆಲ್ಲಗೆ ಮಾತಾಡುವವರಿಂದ ಆ ಮೇಜಿಗೆ ಏನೂ ತಲುಪುವುದಿಲ್ಲ.

"ಜೋರಾಗ್ರಿ ಅಕ್ಕಾರ," ಎಂದರು ಕಾಕಾ, ಇಡ್ಲಿ ತಟ್ಟೆ ಹಿಡಿದುಕೊಂಡೇ. ಮಾವ ಗಲ್ಲಾದಿಂದ ಹೆಬ್ಬೆರಳೆತ್ತಿ ಹುರಿದುಂಬಿಸಿದರು. ಎತ್ತಿದ ಬೆರಳು ಹಾಗೇ ನಿಂತಿತು. ಮೂಗು ಅರಳಿತು. ಮರ್ಯಾದೆಯಿಂದ ಪಕ್ಕಕ್ಕೆ ತಿರುಗಿದರು.

ನನ್ನೊಳಗೆ ಇಷ್ಟು ದನಿಯಿದೆಯೆಂದು ನನಗೂ ಗೊತ್ತಿರಲಿಲ್ಲ.

"ಸರ್, ಕಿಟಕಿ ತೆಗೀರಿ!"