ಮೌನೇಶ ಶಿಫ್ಟರ್ ಬಿಚ್ಚಿದ್ದು

"ಲಾರಿಗಟ್ಟಲೆ ಭತ್ತ ನುಂಗಿ ಅಕ್ಕಿ ಉಗುಳೋ ಗಿರಣಿ ನಡಸ್ತೀನಿ ಯವ್ವಾ. ಒಂದು ಸೈಕಲ್ ಗೇರು ನನಗ ಯಾವ ಲೆಕ್ಕ!"

ಶನಿವಾರ ಬೆಳಿಗ್ಗೆ ಪಡಸಾಲೆಯಲ್ಲಿ ನಿಂತು ಮೌನೇಶ ಹೀಗೆ ಗುಡುಗಿದಾಗ ಅವನ ತಾಯಿ ಸೂಗಮ್ಮ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಗಿರಣಿ ನಡಸಾಂವ ಅದರ ಧಣಿ. ನೀ ಅಲ್ಲಿ ಸೂಪರ್‌ವೈಸರ್," ಎಂದಳು.

ಸೈಕಲ್ಲು ಮೌನೇಶನ ಹೆಂಡತಿ ಶಿವಗಂಗಾಳದು. ಬಾಗಿದ ಹ್ಯಾಂಡಲ್ಲಿನ, ತೆಳುಗಾಲಿಯ ಹಳೇ ರೋಡ್ ಬೈಕು. ಮದುವೆಗೆ ಮುಂಚೆ ತನ್ನ ಮೊದಲ ಸಂಬಳದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಯರಗೇರಾದ ಯೂನಿವರ್ಸಿಟಿ ಆಫೀಸಿಗೆ ಅದರ ಮೇಲೇ ಹೋಗಿಬರುತ್ತಾಳೆ. ಅದರಲ್ಲಿ ಬ್ರೇಕು, ಗೇರು ಎರಡೂ ಒಂದೇ ಹಿಡಿಯಲ್ಲಿ. ಆ ಹಿಡಿಗೇ ಶಿಫ್ಟರ್ ಎನ್ನುವುದು. ಬಲಗಡೆಯ ಶಿಫ್ಟರಿಗೆ ಮುಪ್ಪು ಬಂದಿತ್ತು. ಒಮ್ಮೆ ಒತ್ತಿದರೆ ಸುಮ್ಮನಿರುತ್ತಿತ್ತು. ಮತ್ತೆ ಒತ್ತಿದರೂ ಸುಮ್ಮನೆ. ಇನ್ನೊಮ್ಮೆ ಒತ್ತಿದರೆ ನಿದ್ದೆಗಣ್ಣಲ್ಲಿ ಎದ್ದವರ ಹಾಗೆ ಎರಡೆರಡು ಗೇರು ಹಾರಿಬಿಡುತ್ತಿತ್ತು!

ಭಾನುವಾರ ಶಿವಗಂಗಾ ರಾಯಚೂರಿನಿಂದ ಮಾನ್ವಿ, ಮಾನ್ವಿಯಿಂದ ದೇವದುರ್ಗ ಎಂದು ಒಬ್ಬಳೇ ಸೈಕಲ್ ತುಳಿಯುವವಳಿದ್ದಳು. ಮಳೆಗಾಲದಿಂದ ಅದಕ್ಕೇ ತಯಾರಿ. ಕಾಲಿಗೆ ವಿಶ್ರಾಂತಿ ಇರಲೆಂದು ಶನಿವಾರ ಆಫೀಸಿಗೆ ಬಸ್ಸಿನಲ್ಲಿ ಹೋಗಿದ್ದಳು. ಸಂಜೆ ಅವಳು ಬರುವಷ್ಟರಲ್ಲಿ ಶಿಫ್ಟರನ್ನು ಹೊಸದರಂತೆ ಮಾಡಿ, ಅವಳ ಬಾಯಿಂದ 'ಅಬ್ಬಾ' ಅನ್ನಿಸಬೇಕು! ಇದು ಮೌನೇಶನ ಮಹಾಸಂಕಲ್ಪ.

"ಆಕೀನ್ನ ಒಂದ್ ಮಾತು ಕೇಳೀಯೇನೋ?" ಸೂಗಮ್ಮ ಕೇಳಿದಳು.

"ಕೇಳಿದ್ರ ಸರ್‌ಪ್ರೈಸ್ ಹೆಂಗಾಗ್ತದ ಬೇ!"

ಮೊಬೈಲಿನ ವಿಡಿಯೋದಲ್ಲಿ ಯಾವುದೋ ದೇಶದ ಗಡ್ಡದವನೊಬ್ಬ ಶಿಫ್ಟರ್ ಬಿಚ್ಚುತ್ತಿದ್ದ. ನಡುವೆ ಒಮ್ಮೆ ಬೆರಳಾಡಿಸಿ ಗಂಭೀರವಾಗಿ ಏನೋ ಎಚ್ಚರಿಸಿದ. ಭಾಷೆ ತಿಳಿಯದ್ದರಿಂದ ಮೌನೇಶ ಆ ಭಾಗವನ್ನು ಮುಂದೆ ಓಡಿಸಿದ. ಆಮೇಲೆ ಕೊನೆಯ ಸ್ಕ್ರೂ ತಿರುಗಿಸಿದ.

ಟಿಂಗ್!

ಒಳಗಿದ್ದ ಕೂದಲೆಳೆಯಂಥ ಸ್ಪ್ರಿಂಗು ಸ್ವಾತಂತ್ರ್ಯ ಘೋಷಿಸಿ ಹಾರಿತು. ಸೀದಾ ಹೋಗಿ, ಸೂಗಮ್ಮ ಮುಚ್ಚಳ ತೆಗೆದಿಟ್ಟಿದ್ದ ಅಕ್ಕಿ ಡ್ರಮ್ಮಿಗೆ ಬಿತ್ತು. ಅದೇ ಗಳಿಗೆಗೆ ಸೂಗಮ್ಮ ಮೊರದಲ್ಲಿದ್ದ ಅಕ್ಕಿಯನ್ನೂ ಅದರ ಮೇಲೆ ಸುರಿದಳು.

"ಏನೋ ಅದು ಬಿದ್ದಿದ್ದು?"

"ಏನಿಲ್ಲ ಬೇ."

ಮೊಳಕೈತನಕ ಕೈಯಾಡಿಸಿದ. ಸ್ಪ್ರಿಂಗು ಸಿಗಲಿಲ್ಲ. ಬೇರೆಯವರಾಗಿದ್ದರೆ ಚಾಪೆ ಹಾಸಿ ಅಕ್ಕಿ ಹರವಿ ಹುಡುಕುತ್ತಿದ್ದರು. ಗಿರಣಿಯ ಮನುಷ್ಯ ಹಾಗೆಲ್ಲ ಹುಡುಕುತ್ತಾನೆಯೇ? ತಾಯಿ ಸ್ನಾನಕ್ಕೆ ಹೋದದ್ದೇ ತಡ, ಡ್ರಮ್ಮನ್ನೇ ಲಗೇಜ್ ಆಟೋಕ್ಕೆ ಏರಿಸಿ ಗಿರಣಿಗೆ ಒಯ್ದ! ಭತ್ತದಲ್ಲಿ ಬಂದ ಮೊಳೆ, ತಂತಿ ಹಿಡಿಯಲು ಅಲ್ಲೊಂದು ಭಾರೀ ಮ್ಯಾಗ್ನೆಟ್ ಇತ್ತು.

"ಸಾಹೇಬ್ರ, ನಮ್ಮ ಮ್ಯಾಗ್ನೆಟ್ ಅಂದ್ರ ಏನ್ ತಿಳಿದೀರಿ!" ಮಶೀನು ನೋಡಿಕೊಳ್ಳುವ ಕೊಟ್ರೇಶ ಎದೆಯುಬ್ಬಿಸಿದ. "ಹೋದ ಸುಗ್ಗಿಯಾಗ ಇಡೀ ಕುಡುಗೋಲು ಹಿಡದದ! ಸುರೀರಿ ನೀವು!"

ಸುರಿದರು. ಮ್ಯಾಗ್ನೆಟ್ಟು ಒಂದು ಸೇಫ್ಟಿ ಪಿನ್ನನ್ನೂ ಮೌನೇಶನ ಜೇಬಿನಿಂದ ಜಾರಿದ ಸ್ಪ್ಯಾನರನ್ನೂ ಹಿಡಿಯಿತು. ಸ್ಪ್ರಿಂಗನ್ನು ಹಿಡಿಯಲಿಲ್ಲ. ಅದು ಅಂಟದ ಜಾತಿಯ ಸ್ಟೀಲು! ಅಕ್ಕಿ ಮಾತ್ರ ಯಾರಿಗೂ ಕಾಯದೆ ಮುಂದೆ ಹರಿದು, ಕಲ್ಲು ತೆಗೆಯುವ ಮಶೀನು ದಾಟಿ, ಆ ದಿನದ ಹೊಸ ಅಕ್ಕಿಯ ದೊಡ್ಡ ತೊಟ್ಟಿಯೊಳಗೆ ಧುಮುಕಿತು.

"ನಿಲ್ಸಲೇ ಕೊಟ್ರೇಶಾ!"

"ಇನ್ನೇನ್ ನಿಲ್ಸಲ್ರೀ? ಎಲ್ಲಾ ಬೆರೀತು. ನಿಮ್ಮ ಸ್ಪ್ರಿಂಗು ಹಿಂದಿನ ಕಲ್ಲಿನ ಗುಡ್ಡಿಯಾಗ ಇರಬೇಕು, ನೋಡ್ರಿ."

ಮೌನೇಶ ನೋಡಿದ. ಗುಡ್ಡೆ ಮಲಗಿದ ಎಮ್ಮೆಯಷ್ಟಿತ್ತು. ಕೈಮುಗಿದು, ಡ್ರಮ್ಮಿಗೆ ಅಷ್ಟೇ ತೂಕದ ಹೊಸ ಅಕ್ಕಿ ತುಂಬಿಸಿಕೊಂಡು ಮನೆಗೆ ಬಂದ.

ಬಾಗಿಲಲ್ಲೇ ಕಾಯುತ್ತಿದ್ದ ಸೂಗಮ್ಮ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿದಳು.

"ಲೇ ಮೌನ್ಯಾ, ಇದು ನನ್ನ ಅಕ್ಕಿ ಅಲ್ಲ!"

"ಅಕ್ಕಿ ಅಂದ್ರ ಅಕ್ಕಿ, ಬಿಡು ಬೇ."

"ವರ್ಷ ಇಟ್ಟು ಹಳೇದು ಮಾಡಿದ ಸೋನಾ ಮಸೂರಿ ಲೇ ಅದು! ಇದು ನಿನ್ನೆ ಹುಟ್ಟಿದ ಕೂಸು. ಬೇಯಿಸಿದ್ರ ಗ್ವಾಡಿಗೆ ಪೋಸ್ಟರ್ ಹಚ್ಚೋ ಅಂಟಾಗ್ತದ. ನಾಳೆ ಅಷ್ಟು ದೂರ ತುಳಿಯಾಕಿಗೆ ಅಂಟು ಉಣ್ಣಸ್ಲೇನು?"

ಸಂಜೆ ಶಿವಗಂಗಾ ಬಂದಳು. ಸೈಕಲ್ ನೋಡಿದಳು. ಬಲಗಡೆಯ ಶಿಫ್ಟರಿನ ಹೊಟ್ಟೆ ಬಗೆದು, ಅದರ ಕರುಳೆಲ್ಲ ಹಳೇ ಪೇಪರಿನ ಮೇಲೆ ಬಿದ್ದಿತ್ತು. ಬ್ರೇಕೊಂದು ಹೇಗೋ ಬದುಕಿತ್ತು. ಅವಳು ಕೂಗಲಿಲ್ಲ. ನೆಲಕ್ಕೆ ಕುಳಿತು, ಬ್ಯಾಗಿನಿಂದ ಒಂದು ಸ್ಪ್ರೇ ಡಬ್ಬಿ ತೆಗೆದು ಪಕ್ಕಕ್ಕಿಟ್ಟಳು.

"ಒಳಗಿನ ಗ್ರೀಸ್ ಒಣಗಿತ್ರೀ, ಅಷ್ಟ. ಇದನ್ನ ಹೊಡದು ತೊಳದ್ರ ಸರಿ ಆಗ್ತಿತ್ತು. ಇವತ್ತ ಸಂಜಿಗೆ ಮಾಡಬೇಕಂತ ತಂದಿದ್ದೆ."

"ಮೊದ್ಲ ಹೇಳಬಾರದೇನು?"

"ನೀವು ಕೇಳಬಾರದೇನು?"

ಮೌನೇಶ ಸ್ಪ್ರೇ ಡಬ್ಬಿ ಎತ್ತಿ ತಿರುಗಿಸಿ ನೋಡಿ, ಮತ್ತೆ ಕೆಳಗಿಟ್ಟ. "ಬೈದುಬಿಡು ಶಿವಗಂಗಾ," ಎಂದ.

"ಬೈದ್ರ ಗೇರ್ ಬೀಳತಾವೇನ್ರಿ?"

ಅವನೂ ಎದುರಿಗೆ ಕುಳಿತ. ಇಷ್ಟು ತಿಂಗಳ ತಯಾರಿಯನ್ನು ಅವನು ಕಂಡಿದ್ದ. ಯಾಕೆಂದು ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳಿದ. "ಅಲ್ಲ, ದೇವದುರ್ಗದಾಗ ಏನದ?"

"ಏನೂ ಇಲ್ಲ." ಅವಳು ಚೂರುಗಳನ್ನು ಮುಟ್ಟಿ ಎಣ್ಣೆ ಮೆತ್ತಿದ ತನ್ನ ಬೆರಳುಗಳನ್ನೇ ನೋಡಿದಳು. "ಆಫೀಸಿಗಿ ಹೋಗ್ತೀನಿ, ಸಂತಿಗಿ ಹೋಗ್ತೀನಿ. ಅವೆಲ್ಲ ಕೆಲಸ ಅದ ಅಂತ ಹೋಗೋದು. ಇದೊಂದು ನನಗ ಹೋಗಬೇಕನಸಿ ಹೋಗೋದು."

ಮೌನೇಶ ಪೇಪರಿನ ಮೇಲಿನ ಚೂರುಗಳನ್ನು ನೋಡಿದ. ತಾನು ಬಿಚ್ಚಿ ಹರವಿದ್ದು ಬರೀ ಶಿಫ್ಟರನ್ನಲ್ಲ ಎಂಬುದು ಅವನಿಗೆ ಆಗ ಅರಿವಾಯಿತು. ತಲೆ ತಾನಾಗೇ ತಗ್ಗಿತು.

ಶಿವಗಂಗಾ ಎದ್ದಳು. ಹಿಂದಿನ ಗಾಲಿಯ ಹತ್ತಿರದ ಪುಟ್ಟ ಸ್ಕ್ರೂ ಒಂದನ್ನು ತಿರುಗಿಸಿ, ಚೈನನ್ನು ನಡುವಿನ ಹಲ್ಲುಚಕ್ರದ ಮೇಲೆ ನಿಲ್ಲಿಸಿದಳು. "ಹಿಂದ ಒಂದೇ ಗೇರು. ಏರಿಗೂ ಅದೇ, ಇಳಿಜಾರಿಗೂ ಅದೇ. ಹೋಗ್ತೀನಿ."

"ಹಿಂದಿಂದ ಸ್ಕೂಟಿ ಮ್ಯಾಲ ಬರ್ಲೇನು?"

"ಬ್ಯಾಡ್ರಿ. ದಾರ್‍ಯಾಗ ಅದನ್ನೂ ಬಿಚ್ಚೀರಿ!"

ಭಾನುವಾರ ನಸುಕಿನಲ್ಲಿ ಅಂಟಿನಂಥ ಅನ್ನಕ್ಕೆ ಮೊಸರು ಕಲಸಿ ಉಂಡು ಶಿವಗಂಗಾ ಹೊರಟಳು. ಮೌನೇಶ ಮನೆಯಲ್ಲಿ ಕೂತಲ್ಲಿ ಕೂರಲಿಲ್ಲ. ಬಿಸಿಲೇರಿತು. ಹಾಳು ಗಾಳಿಯೂ ಎದ್ದಿತು. ಅವನು ಫೋನು ಹಿಡಿದುಕೊಂಡೇ ಅಂಗಳ ಸುತ್ತಿದ.

"ನಿಂದರೋ, ನನಗ ತಲಿ ತಿರಗಾಕತ್ತದ," ಎಂದಳು ಸೂಗಮ್ಮ.

ಕಡೆಗೂ ಫೋನು ಬಡಿದುಕೊಂಡಿತು.

"ದೇವದುರ್ಗ ಮುಟ್ಟಿದೆ!" ಶಿವಗಂಗಾ ಏದುಸಿರಿನಲ್ಲೇ ನಗುತ್ತಿದ್ದಳು. "ಮಾನ್ವಿ ದಾಟಿದ ಮ್ಯಾಲ ಎದುರುಗಾಳಿ. ಕಾಲು ಅತ್ತೇಬಿಟ್ವು. ಆದ್ರೂ ಇಳೀಲಿಲ್ರೀ, ಒಂದ್ ಕಡಿನೂ ಇಳೀಲಿಲ್ಲ!"

ಅಂಥ ನಗೆಯನ್ನು ಮೌನೇಶ ಕೇಳಿ ಎಷ್ಟು ಕಾಲವಾಗಿತ್ತೋ! ಅವನು ಅಂಗಳದ ನಡುವೆಯೇ ನಿಂತುಬಿಟ್ಟ. ಮರುಗಳಿಗೆಗೇ ಹಳೇ ಹುರುಪು ನುಗ್ಗಿ ಬಂತು.

"ಹೊಸಾ ಶಿಫ್ಟರ್ ಇವತ್ತ ತರಸಾಕ ಹೇಳ್ತೀನಿ! ಈ ಸಲ ನೋಡು, ನಾನು—"

"ತರಸ್ರಿ. ಕೂಡಸಾಕಿ ನಾನು. ನೀವು ಹ್ಯಾಂಡಲ್ ಹಿಡಕೊಂಡು ನಿಂದರ್ರಿ."

"ಆತು. ಯಾವ ಕೈಲೆ ಹಿಡೀಲಿ?"

"ಎರಡೂ ಕೈಲೆ ಹಿಡೀರಿ. ಒಂದ್ ಕೈನೂ ಖಾಲಿ ಬಿಡಬ್ಯಾಡ್ರಿ!"