ಸದರಿ ಬಾಲಕಿಯ ಸುರಕ್ಷತೆಯ ಕುರಿತು

ನನ್ನ ಅಕ್ಷರ ಗುಂಡಗಿಲ್ಲ. ಪದಗಳ ಸಂಗ್ರಹವೂ ದೊಡ್ಡದಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಆಮೇಲೆ ಕಲಿತದ್ದೆಲ್ಲ ಕಚೇರಿಯ ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಒಯ್ಯುವಾಗ ದಾರಿಯಲ್ಲಿ ಓದಿಕೊಂಡದ್ದು. ಆದ್ದರಿಂದ ಈ ಬರಹದಲ್ಲಿ 'ಸದರಿ', 'ಮೇಲ್ಕಂಡ' ಮುಂತಾದ ಮಾತುಗಳು ಹೆಚ್ಚಾಗಿ ಕಂಡರೆ ಅದು ಗರ್ವವಲ್ಲ, ಅಭ್ಯಾಸಬಲ ಎಂದು ತಿಳಿಯಬೇಕಾಗಿ ಕೋರುತ್ತೇನೆ.

ನಮ್ಮ ಊರಿನಲ್ಲಿ ಸಾಮಾಜಿಕ ಜಾಲತಾಣಗಳಿಂದ ಅಪಾಯಕ್ಕೆ ಒಳಗಾದ ಬಾಲಕಿ ಒಬ್ಬಳೇ. ಇದು ಊಹೆಯಲ್ಲ, ಮೊಹರು ಬಿದ್ದ ವರದಿಯಲ್ಲಿರುವ ಸಂಗತಿ. ಆಕೆ ಹುಟ್ಟಿಲ್ಲ ಎಂಬುದೊಂದನ್ನು ಬಿಟ್ಟರೆ ಆಕೆಯ ಬಗೆಗಿನ ಉಳಿದ ಎಲ್ಲ ವಿವರಗಳೂ ದೃಢಪಟ್ಟಿವೆ. ಆಕೆಯ ಪೋಷಕಿ ನಾನು.

ಯುವಜನರ ಜಾಲತಾಣ ಸುರಕ್ಷತಾ ಕಚೇರಿ ಎಂಬ ನಮ್ಮ ಕಚೇರಿ ಅಂಚೆ ಕಚೇರಿಯ ಹಿಂಭಾಗದ ಎರಡು ಕೋಣೆಗಳಲ್ಲಿದೆ. ಒಳಕೋಣೆ ಅಧಿಕಾರಿಗಳದು. ಹೊರಕೋಣೆಯಲ್ಲಿ ಹಿರಿಯ ಗುಮಾಸ್ತರೂ ಟೈಪಿಸ್ಟ್ ಮೇಡಂ ಅವರೂ ಕೂರುತ್ತಾರೆ. ಬಾಗಿಲ ಪಕ್ಕದ ಸ್ಟೂಲು ನನ್ನದು. ನೀರು, ಚಹಾ, ಕಡತ ಮತ್ತು ಕಸ, ಈ ನಾಲ್ಕು ವಿಭಾಗಗಳು ನನ್ನ ಅಧೀನದಲ್ಲಿವೆ.

ಒಂದು ದಿನ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು. 'ಸಾಮಾಜಿಕ ಜಾಲತಾಣಗಳಿಂದ ನಿಮ್ಮ ವ್ಯಾಪ್ತಿಯ ಯುವಜನರ ಸುರಕ್ಷತೆಗೆ ಅಪಾಯವಿದೆಯೇ? ಹೌದು ಅಥವಾ ಇಲ್ಲ ಎಂದು ಮೂರು ತಿಂಗಳೊಳಗೆ ಉತ್ತರಿಸುವುದು.' ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಟಿಪ್ಪಣಿಗಳಿದ್ದವು. ಹೌದು ಎಂದಾದಲ್ಲಿ, ಈವರೆಗೆ ಅದನ್ನು ತಡೆಯದೆ ಇದ್ದುದೇಕೆಂದು ಅಧಿಕಾರಿಯಿಂದ ವಿವರಣೆ ಪಡೆಯಲಾಗುವುದು. ಇಲ್ಲ ಎಂದಾದಲ್ಲಿ, ಕಚೇರಿ ಇರಬೇಕೇ ಎಂಬುದನ್ನು ಮರುಪರಿಶೀಲಿಸಲಾಗುವುದು.

ಮೂರು ದಿನ ಅಧಿಕಾರಿಗಳ ಚಹಾ ಹಾಗೆಯೇ ಆರಿ ವಾಪಸು ಬಂತು. ನಾಲ್ಕನೆಯ ದಿನ ಹಿರಿಯ ಗುಮಾಸ್ತರು ಒಳಗೆ ಹೋಗಿ, ಅಪಾಯ ಇರಬೇಕು, ಆದರೆ ಅದು ಯಾರಿಗೂ ಆಗಬಾರದು, ಅಂಥ ಏರ್ಪಾಡೊಂದನ್ನು ಮಾಡಿದರೆ ಎರಡೂ ಟಿಪ್ಪಣಿಗಳಿಂದ ಪಾರಾಗಬಹುದು ಎಂದು ವಿನಂತಿಸಿಕೊಂಡರು. ಅಂದರೆ ಕಚೇರಿಯೇ ಒಬ್ಬ ಬಾಲಕಿಯನ್ನು ಕಲ್ಪಿಸಿ ಜಾಲತಾಣದಲ್ಲಿ ಬಿಡುವುದು. ಕೆಟ್ಟವರು ಆಕೆಯ ಬೆನ್ನು ಬಿದ್ದರೆ ಹಿಡಿಯುವುದು. ಅಧಿಕಾರಿಗಳು ಆ ದಿನ ಎರಡು ಲೋಟ ಚಹಾ ಕುಡಿದರು.

ಮೂರು ಸಭೆಗಳ ಬಳಿಕ ಬಾಲಕಿಗೆ 'ಒಂಟಿ ಮಲ್ಲಿಗೆ' ಎಂದು ಜಾಲತಾಣದ ಹೆಸರಿಡಲಾಯಿತು. ಕಡತದಲ್ಲಿ ಮಾತ್ರ ಆಕೆ ಸದರಿ ಬಾಲಕಿ. ವಯಸ್ಸು ಹದಿನಾರು. ಹವ್ಯಾಸ, ಹಿರಿಯರ ಮಾತು ಕೇಳುವುದು. ಇಂದಿನ ಮಕ್ಕಳ ಭಾವಚಿತ್ರ ಬಳಸುವುದು ಸುರಕ್ಷತೆಗೆ ವಿರುದ್ಧವಾದ್ದರಿಂದ ಟೈಪಿಸ್ಟ್ ಮೇಡಂ ತಮ್ಮ ಹತ್ತನೆಯ ತರಗತಿಯ ಕಪ್ಪುಬಿಳುಪು ಫೋಟೋ ತಂದುಕೊಟ್ಟರು. ಅದಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ಹಚ್ಚಲಾಯಿತು. ಉಳಿದದ್ದು ಪೋಷಕರ ಸಹಿ. ಗುಮಾಸ್ತರಿಗೆ ನಿವೃತ್ತಿ ಹತ್ತಿರ. ಮೇಡಂ ಆಗಲೇ ಮುಖ ಕೊಟ್ಟಿದ್ದರು. ಎಲ್ಲರೂ ಸ್ಟೂಲಿನ ಕಡೆ ನೋಡಿದರು.

"ಹಾಕಮ್ಮ ಸಹಿ," ಎಂದರು ಗುಮಾಸ್ತರು. "ಹುಟ್ಟದೇ ಇರೋ ಮಗು ನಿನಗೇನು ತೊಂದರೆ ಕೊಡುತ್ತೆ?"

ನನಗೆ ಮಕ್ಕಳಿಲ್ಲ. ತಂಗಿಯ ಮಗಳು ನಮ್ಮ ಮನೆಯಲ್ಲಿದ್ದು ಓದುತ್ತಿದ್ದಾಳೆ. ಇನ್ನೊಬ್ಬಳಿಗೆ ಸಹಿ ಹಾಕುವುದು ಭಾರವೆನಿಸಲಿಲ್ಲ.

ಸದರಿ ಬಾಲಕಿಯ ಪರವಾಗಿ ಬರೆಯಲು ಪಾಳಿ ನಿಗದಿಯಾಯಿತು. ಮಧ್ಯಾಹ್ನದವರೆಗೆ ಅಧಿಕಾರಿಗಳು, ಅನಂತರ ಗುಮಾಸ್ತರು. ಯಾರೋ ಊಟವಾಯಿತೇ ಎಂದು ಕೇಳಿದರೆ, 'ತಮ್ಮ ಪ್ರಶ್ನೆ ತಲುಪಿದೆ, ಪರಿಶೀಲನೆಯಲ್ಲಿದೆ' ಎಂದು ಒಂಟಿ ಮಲ್ಲಿಗೆ ಬರೆಯುತ್ತಿದ್ದಳು. ಹುಡುಗರು ಒಂದೇ ದಿನಕ್ಕೆ ಓಡಿಹೋದರು. ಆದರೆ ಮೂವರು ನಿಂತರು. ಅವರೂ 'ತಾವು ಬಯಸಿದ ಸೆಲ್ಫಿಯನ್ನು ಇದರೊಂದಿಗೆ ಲಗತ್ತಿಸಿದೆ' ಎಂಬ ಧಾಟಿಯಲ್ಲಿಯೇ ಉತ್ತರಿಸುತ್ತಿದ್ದರು. ಇಷ್ಟು ಮರ್ಯಾದಸ್ಥರು ಖಂಡಿತ ಅಪಾಯಕಾರಿಗಳೇ ಎಂದು ಅಧಿಕಾರಿಗಳು ತೀರ್ಮಾನಿಸಿ, ಮೂವರನ್ನೂ ಉದ್ಯಾನದ ಕಲ್ಲುಬೆಂಚಿನ ಬಳಿ ಭೇಟಿಗೆ ಕರೆಸಿದರು. ಗುಮಾಸ್ತರು ಪೊದೆಯ ಮರೆಯಲ್ಲಿ ಹೊಂಚು ಹಾಕಿದರು. ಉಳಿದ ಪೊದೆಗಳಲ್ಲಿಯೂ ಜನರಿದ್ದರು. ಒಂದು ತಾಸಿನ ಮೇಲೆ ಅವರಲ್ಲೊಬ್ಬರು ಎದ್ದುಬಂದು, ಹೊರಗಿನ ಕೆಲಸಕ್ಕೆ ಹಾಜರಾಗಿದ್ದೇನೆಂದು ಒಂದು ಸಹಿ ಹಾಕಿಕೊಡಿ ಎಂದು ಕೇಳಿದಾಗ ಗುರುತು ಹತ್ತಿತು. ಒಬ್ಬರು ಮಕ್ಕಳ ಕಲ್ಯಾಣ ಕಚೇರಿಯವರು, ಒಬ್ಬರು ಶಾಲಾ ತಪಾಸಣೆಯವರು, ಇನ್ನೊಬ್ಬರು ಪೊಲೀಸರು. ಅವರಿಗೂ ಅದೇ ಸುತ್ತೋಲೆ ಬಂದಿತ್ತು. ನಾಲ್ವರೂ ಪರಸ್ಪರ ಸಹಿ ಹಾಕಿಕೊಂಡು, ಕಾರ್ಯಾಚರಣೆ ಯಶಸ್ವಿಯಾಯಿತೆಂದು ಬರೆದುಕೊಂಡು ಹಿಂತಿರುಗಿದರು. ಅಂದಿನಿಂದ ನಾಲ್ಕು ಕಚೇರಿಗಳಿಗೂ ಸದರಿ ಬಾಲಕಿಯ ಮೇಲೆ ಮನೆಮಗಳ ಅಕ್ಕರೆ.

ಈ ನಡುವೆ ನಮ್ಮ ಮನೆಯ ಹುಡುಗಿಯ ವಿಷಯ.

ನನ್ನ ಯಜಮಾನರು ಗಡಿಯಾರ ರಿಪೇರಿಯವರು. ಹುಡುಗಿ ನಿಂತಲ್ಲಿ ನಿಲ್ಲುವುದಿಲ್ಲವೆಂದು ಅವರು ಆಕೆಯನ್ನು ಸೆಕೆಂಡ್ ಮುಳ್ಳು ಎಂದು ಕರೆಯುತ್ತಾರೆ. ಕಾಲೇಜು ಮುಗಿಸಿ ಅಂಗಡಿಗೆ ಬಂದು ದೊಡ್ಡಪ್ಪನ ಪಕ್ಕ ಕೂತು ಹಳೆಯ ಗಡಿಯಾರಗಳ ಹೊಟ್ಟೆ ಬಿಚ್ಚುವುದು, ಅದನ್ನು ಫೋನಿನಲ್ಲಿ ತೆಗೆದು ಜಾಲತಾಣಕ್ಕೆ ಹಾಕುವುದು ಆಕೆಯ ರೂಢಿ. ಎಲ್ಲೆಲ್ಲಿಯ ಜನರೋ ನೋಡುತ್ತಿದ್ದರು. ನಮ್ಮ ತಾತನ ಗಡಿಯಾರ ನಿಮ್ಮಿಂದ ಓಡಿತು ಎಂದು ಒಬ್ಬ ಅಜ್ಜಿ ಬರೆದದ್ದನ್ನು ಆಕೆ ನನಗೆ ನಾಲ್ಕು ಸಲ ಓದಿ ಹೇಳಿದ್ದಳು. ಜಾಲತಾಣ ಕೆಟ್ಟದ್ದೆಂದು ಯಾರಾದರೂ ಅಂದರೆ ನನಗೆ ಆ ಅಜ್ಜಿ ನೆನಪಾಗುತ್ತಾರೆ.

ಅಷ್ಟರಲ್ಲಿ ಒಬ್ಬ ಬರೆಯತೊಡಗಿದ. ಮೊದಲು ಗಡಿಯಾರ ಚೆನ್ನಾಗಿದೆ ಎಂದ. ಆಮೇಲೆ ಬೆರಳು ಚೆನ್ನಾಗಿದೆ ಎಂದ. ಆಕೆ ಉತ್ತರಿಸಲಿಲ್ಲ, ಆತನ ಖಾತೆಯನ್ನು ತಡೆದಳು. ಆತ ಬೇರೆ ಬೇರೆ ಹೆಸರಿನಲ್ಲಿ ಬಂದ. ಒಂದು ಸಂಜೆ, 'ಇವತ್ತು ಹಳದಿ ಕೊಡೆ ಹಿಡಿದಿದ್ದೆ. ಬಸ್ಸು ತಡವಾಯಿತಲ್ಲ' ಎಂದು ಬರೆದಿದ್ದ. ಬಸ್ಸು ತಡವಾದದ್ದು ನಿಜವಾಗಿತ್ತು.

ಹುಡುಗಿ ಅಂಗಡಿಗೆ ಬರುವುದನ್ನು ಬಿಟ್ಟಳು. ನೇರ ರಸ್ತೆ ಬಿಟ್ಟು ಗಲ್ಲಿಗಳಲ್ಲಿ ಸುತ್ತಿ ಮನೆ ಸೇರತೊಡಗಿದಳು. ಬಿಚ್ಚಿಟ್ಟ ಗಡಿಯಾರವೊಂದು ತಟ್ಟೆಯಲ್ಲಿ ಹಾಗೆಯೇ ಧೂಳು ತಿನ್ನುತ್ತ ಬಿದ್ದಿತು. ಯಜಮಾನರು ಕಣ್ಣಿಗೆ ಸಿಕ್ಕಿಸಿದ ಮಸೂರ ತೆಗೆಯದೆ, "ಏನಾಗಿದೆ ಅವಳಿಗೆ, ಕೇಳು," ಎಂದರು. ಕೇಳಿದೆ. ಫೋನನ್ನೇ ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು.

ಮರುದಿನ ನಾನು, ಹತ್ತು ವರ್ಷದಲ್ಲಿ ಮೊದಲ ಬಾರಿಗೆ, ಲೋಟವಿಲ್ಲದೆ ಒಳಕೋಣೆಗೆ ಹೋದೆ. ಅಧಿಕಾರಿಗಳು ಪೂರ್ತಿ ಕೇಳಿಸಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು.

"ಹುಡುಗಿ ನಿಜವಾದವಳಾ?" ಎಂದು ಕೇಳಿದರು.

"ಹೌದು ಸಾರ್. ನನ್ನ ತಂಗಿ ಮಗಳು."

"ಅದೇ ಕಷ್ಟ ನೋಡಮ್ಮ. ನಿಜವಾದವಳು ಅಂತ ಬರೆದುಕೊಂಡರೆ ನಾನು ಹೌದು ಅಂತ ಉತ್ತರ ಕೊಡಬೇಕು. ಆಮೇಲೆ ಯಾಕೆ ತಡೀಲಿಲ್ಲ ಅಂತ ನನ್ನ ಕುತ್ತಿಗೆಗೆ ಬರುತ್ತೆ."

ಹಾಗಾದರೆ ಏನು ಮಾಡಲಿ ಎಂದೆ. ಅವರು ಬಹಳ ಕಳಕಳಿಯಿಂದ ಸಲಹೆ ಕೊಟ್ಟರು. ಖಾತೆ ಮುಚ್ಚಲಿ, ಫೋನು ಒಳಗಿಡಲಿ, ಕಾಲೇಜು ಒಂದಷ್ಟು ದಿನ ಬಿಟ್ಟರೂ ನಷ್ಟವಿಲ್ಲ, ಹೊರಗೆ ಬಂದರೂ ತಲೆ ತಗ್ಗಿಸಿ ಬರಲಿ. "ಒಟ್ಟಿನಲ್ಲಿ ಅವಳು ಇಲ್ಲವೇ ಇಲ್ಲ ಅನ್ನೋ ಹಾಗೆ ಇದ್ದುಬಿಟ್ಟರೆ ಯಾರೂ ಏನೂ ಮಾಡಲ್ಲ."

ಗುಮಾಸ್ತರು ಮರುಕಪಟ್ಟು, ಹುಟ್ಟಿದವರು ದೂರು ಕೊಡಲು ಬಳಸುವ ನಮೂನೆಯೊಂದನ್ನು ಬೀರುವಿನ ತಳದಿಂದ ತೆಗೆದುಕೊಟ್ಟರು. ಅದರ ಏಳನೆಯ ಅಂಕಣದಲ್ಲಿ ತೊಂದರೆ ಕೊಟ್ಟವನ ಒಪ್ಪಿಗೆ ಮತ್ತು ಸಹಿ ಬೇಕಾಗಿತ್ತು.

ಮನೆಗೆ ಬಂದು ನಡೆದದ್ದನ್ನು ಹೇಳಿದೆ. ಹುಡುಗಿ ನಮೂನೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಪಕ್ಕಕ್ಕಿಟ್ಟಳು.

"ದೊಡ್ಡಮ್ಮ, ಆ ಮಲ್ಲಿಗೆಗೆ ಪೋಷಕಿ ನೀನೇ ತಾನೆ?"

"ಕಾಗದದ ಮೇಲೆ ನಾನೇ."

"ಹಾಗಾದ್ರೆ ಈ ಕಾಟ ಬಂದಿದ್ದು ಅವಳಿಗೆ ಅಂತ ಬರಿ. ನನಗೆ ಹೆಸರು ಬೇಡ, ಅವನು ನಿಲ್ಲಿಸಿದರೆ ಸಾಕು."

ಅವಳೇ ಹೇಳಿದಳು, ನಾನು ಬರೆದೆ. ನನ್ನ ಪೋಷಣೆಯಲ್ಲಿರುವ ಸದರಿ ಬಾಲಕಿಗೆ ಅಪರಿಚಿತನೊಬ್ಬನು ಈ ಕೆಳಕಂಡಂತೆ ಸಂದೇಶಗಳನ್ನು ಕಳುಹಿಸಿ ಕಾಡುತ್ತಿರುವುದರಿಂದ ತಕ್ಷಣ ಕ್ರಮ ಜರುಗಿಸಬೇಕಾಗಿ ವಿನಂತಿ. ಮರುದಿನ ಹತ್ತೂವರೆಗೆ ಅದನ್ನು ಕಡತದೊಳಗಿಟ್ಟು ಒಳಗೊಯ್ದೆ.

ಅಧಿಕಾರಿಗಳು ಕುರ್ಚಿಯಿಂದ ಎದ್ದರು. "ನಮ್ಮ ಹುಡುಗಿಗಾ? ಎಷ್ಟು ಕೊಬ್ಬು ಅವನಿಗೆ," ಎಂದರು. ಗುಮಾಸ್ತರ ಕಣ್ಣಂಚು ಒದ್ದೆಯಾಯಿತು. ಹುಟ್ಟದ ಹುಡುಗಿ ಬಸ್ಸಿಗೆ ಕಾಯುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಸದರಿ ಬಾಲಕಿಯ ಸ್ವತ್ತುಗಳ ಪಟ್ಟಿಗೆ 'ಕೊಡೆ, ಹಳದಿ, ಒಂದು' ಎಂದು ಸೇರಿಸಿದರು, ಅಷ್ಟೆ. ಹನ್ನೊಂದಕ್ಕೆ ನಾಲ್ಕೂ ಕಚೇರಿಗಳವರು ಸೇರಿದರು. ಕೊಡೆ ಹಿಡಿದು ನಿಲ್ಲಲು ಯಾರಾದರೂ ಬೇಕೆಂದಾಗ ಟೈಪಿಸ್ಟ್ ಮೇಡಂ, ಮುಖ ತಮ್ಮದೇ ಆದ್ದರಿಂದ ನಿಲ್ಲುವ ಹೊಣೆಯೂ ತಮ್ಮದೇ ಎಂದು ಎದ್ದರು. ಸಂಜೆ ಐದಕ್ಕೆ ಬಸ್ ನಿಲ್ದಾಣದ ಕಂಬದ ಹಿಂದಿನಿಂದ ಹಳದಿ ಕೊಡೆಯ ಫೋಟೋ ತೆಗೆಯುತ್ತಿದ್ದವನನ್ನು ಪೊಲೀಸರು ಕರೆತಂದರು. ಮೂವತ್ತು ದಾಟಿದವನು, ಇಸ್ತ್ರಿ ಮಾಡಿದ ಅಂಗಿ. ಬಸ್ಸಿನಲ್ಲಿ ಕಂಡರೆ ಎದ್ದು ಜಾಗ ಬಿಟ್ಟುಕೊಡಬೇಕೆನಿಸುವಂಥ ಮನುಷ್ಯ.

"ಸಾರ್, ಈ ಮಲ್ಲಿಗೆ ಯಾರು ಅಂತಾನೇ ನನಗೆ ಗೊತ್ತಿಲ್ಲ," ಎಂದು ಆತ ಅಲವತ್ತುಕೊಂಡ. "ನಾನು ಬರೆದಿದ್ದು ಆ ಗಡಿಯಾರದ ಹುಡುಗಿಗೆ."

"ಮಾತು ತಿರುಗಿಸಬೇಡಿ," ಎಂದರು ಅಧಿಕಾರಿಗಳು. "ಗಡಿಯಾರದ ಹುಡುಗಿ ನಮ್ಮ ಕಡತದಲ್ಲಿಲ್ಲ."

ಫೋನಿನಲ್ಲಿದ್ದ ಚಿತ್ರಗಳನ್ನೆಲ್ಲ ಅಳಿಸಲಾಯಿತು. ಆತನ ಹೆಸರು, ವಿಳಾಸ ಠಾಣೆಯ ಪುಸ್ತಕ ಸೇರಿದವು. ಇನ್ನು ಮುಂದೆ ಸದರಿ ಬಾಲಕಿಯ ತಂಟೆಗೆ ಹೋಗುವುದಿಲ್ಲವೆಂಬ ಮುಚ್ಚಳಿಕೆಯನ್ನು ಅಧಿಕಾರಿಗಳು ಹೇಳುತ್ತಿದ್ದರು, ಮೇಡಂ ಟೈಪು ಮಾಡುತ್ತಿದ್ದರು. ಹೇಳುವುದು ಮುಗಿದ ಮೇಲೆಯೂ ಅವರ ಬೆರಳು ಒಂದು ಸಾಲಿನಷ್ಟು ಹೊತ್ತು ಓಡಿತು. ಕಾಗದ ಹೊರಬಂದಾಗ ನೋಡಿದೆ: 'ಸದರಿ ಬಾಲಕಿಯ ತಂಟೆಗೂ, ಹುಟ್ಟಿರುವ ಇತರ ಯಾವ ಹುಡುಗಿಯ ತಂಟೆಗೂ.' ಆತ ಸಹಿ ಹಾಕಿದ. ಮೇಡಂ ನನ್ನ ಕಡೆ ನೋಡಲಿಲ್ಲ. ಇನ್ನೊಂದು ಲೋಟ ನೀರು ಕೇಳಿದರು.

ಒಂದು ವಾರ ಹುಡುಗಿ ಕಾದು ನೋಡಿದಳು. ಸಂದೇಶ ಬರಲಿಲ್ಲ. ಎಂಟನೆಯ ದಿನ ಅಂಗಡಿಗೆ ಬಂದು ತಟ್ಟೆಯ ಧೂಳು ಊದಿದಳು.

ಇಂಥ ಸುದ್ದಿ ನಿಲ್ಲುವುದಿಲ್ಲ. ಪಕ್ಕದ ಬೀದಿಯ ದರ್ಜಿಯ ಹೆಂಡತಿ ಬಂದರು. ಅವರ ಮಗಳ ಫೋಟೋವನ್ನು ಯಾರೋ ತಿದ್ದಿ ಹಾಕಿದ್ದರು. ನರ್ಸೊಬ್ಬರು ಬಂದರು. ಒಬ್ಬ ತಾಯಿ ತಮ್ಮ ಮಗನಿಗಾದ ಕಾಟದ ದೂರು ತಂದರು. ಗುಮಾಸ್ತರು ಸ್ವಲ್ಪ ಯೋಚಿಸಿ ಅದನ್ನೂ ಬಾಲಕಿಯ ಹೆಸರಿನಲ್ಲಿಯೇ ಬರೆದುಕೊಂಡರು. ಎಲ್ಲದಕ್ಕೂ ಪೋಷಕಿಯೆಂದು ಸಹಿ ಹಾಕಿದವಳು ನಾನೇ. ಸುತ್ತೋಲೆಯ ಗಡುವು ಮುಗಿಯುವಷ್ಟರಲ್ಲಿ ನಲವತ್ತೊಂದು ದೂರುಗಳಾದವು, ನಲವತ್ತೊಂದಕ್ಕೂ ಕ್ರಮವಾಯಿತು. ದಾಖಲೆಯಂತೆ ಸದರಿ ಬಾಲಕಿ ಒಂದೇ ಬೆಳಿಗ್ಗೆ ಮೂರು ಶಾಲೆಗಳಲ್ಲಿ ಓದುತ್ತಾಳೆ, ಓಟದಲ್ಲಿ ಮುಂದು, ಎರಡು ಕಡೆ ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದಾಳೆ. 'ಚುರುಕಾದ ಹುಡುಗಿ' ಎಂದು ಗುಮಾಸ್ತರು ಅಂಚಿನಲ್ಲಿ ಬರೆದರು.

ಕೊನೆಯ ದಿನಾಂಕದಂದು ಅಧಿಕಾರಿಗಳು ಉತ್ತರ ಕಳುಹಿಸಿದರು. 'ಹೌದು, ಒಬ್ಬಳಿಗೆ.' ಮೇಲಿನ ಕಚೇರಿಗೆ ಬಹಳ ಸಂತೋಷವಾಯಿತು. ಒಬ್ಬಳನ್ನುಳಿದು ಊರಿನ ಯುವಜನರೆಲ್ಲರೂ ಸುರಕ್ಷಿತರಾಗಿರುವುದು ಮಾದರಿಯ ಸಾಧನೆಯೆಂದೂ, ಪ್ರತಿ ಊರೂ ಇಂಥ ಒಬ್ಬಳನ್ನು ಹೊಂದತಕ್ಕದ್ದೆಂದೂ ಆದೇಶವಾಯಿತು. ಸದರಿ ಬಾಲಕಿಯ ಕಾವಲಿಗೆ ಒಬ್ಬ ಪೊಲೀಸಿನವರು ಬಂದರು. ಅವರು ಈಗ ನಮ್ಮ ಹೊರಕೋಣೆಯ ಖಾಲಿ ಕುರ್ಚಿಯೊಂದರ ಪಕ್ಕ ಕೂರುತ್ತಾರೆ. ಆ ಕುರ್ಚಿಯಲ್ಲಿ ಯಾರನ್ನೂ ಕೂರಗೊಡುವುದಿಲ್ಲ.

ಅದೇ ಲಕೋಟೆಯಲ್ಲಿ ನನ್ನ ಹೆಸರಿಗೂ ಒಂದು ನೋಟೀಸು ಇತ್ತು. 'ಒಬ್ಬಳೇ ಬಾಲಕಿಗೆ ನಲವತ್ತೊಂದು ಬಾರಿ ತೊಂದರೆಯಾಗಿರುವುದನ್ನು ಗಮನಿಸಿದರೆ, ತಪ್ಪು ಬಾಲಕಿಯ ನಡತೆಯಲ್ಲಿಯೂ ಆಕೆಯನ್ನು ಬೆಳೆಸಿದವರಲ್ಲಿಯೂ ಇದೆಯೆಂದು ಮೇಲ್ನೋಟಕ್ಕೆ ಕಂಡುಬರುತ್ತದೆ. ಆಕೆಗೆ ಫೋನು ಕೊಡಿಸಿದವರು ಯಾರು? ಪೋಷಕಿಯು ಏಳು ದಿನಗಳೊಳಗೆ ಉತ್ತರಿಸತಕ್ಕದ್ದು.'

"ಬೇಜಾರು ಮಾಡ್ಕೋಬೇಡಮ್ಮ, ಮೇಲಿಂದ ಬಂದಿದ್ದು," ಎಂದರು ಅಧಿಕಾರಿಗಳು. ಗುಮಾಸ್ತರು ನನ್ನನ್ನು ಪಕ್ಕಕ್ಕೆ ಕರೆದು, ಅಂಥ ಹುಡುಗಿಯೇ ಇಲ್ಲವೆಂದು ಒಂದು ಸಾಲು ಬರೆದುಕೊಟ್ಟರೆ ನೋಟೀಸು ಬಿದ್ದುಹೋಗುತ್ತದೆ ಎಂದರು. ಆಮೇಲೆ ಅವರೇ ತಲೆ ಕೆರೆದುಕೊಂಡು, ಹಾಗೆ ಮಾಡಿದರೆ ನಲವತ್ತೊಂದು ಮುಚ್ಚಳಿಕೆಗಳೂ ಜೊತೆಗೇ ಬಿದ್ದುಹೋಗುತ್ತವೆ ಎಂದು ಸೇರಿಸಿದರು.

ಆರು ದಿನ ಯೋಚಿಸಿದೆ. ಏಳನೆಯ ದಿನ ಮನೆಯಲ್ಲಿ ಹುಡುಗಿಯ ಪಕ್ಕ ಕೂತು ಉತ್ತರ ಬರೆದೆ. ಫೋನು ಕೊಡಿಸಿದವಳು ನಾನೇ. ಸದರಿ ಬಾಲಕಿಯನ್ನು ಬೆಳೆಸುವುದರಲ್ಲಿ ನನ್ನಿಂದ ಲೋಪವಾಗಿದೆ. ಆಕೆಗೆ ಸಾಕಷ್ಟು ಬುದ್ಧಿ ಹೇಳಿದ್ದೇನೆ, ಆಕೆ ಎದುರುತ್ತರ ಕೊಟ್ಟಿಲ್ಲ. ಇನ್ನು ಮುಂದೆ ಆಕೆ ಸಂಜೆ ಆರರೊಳಗೆ ಮನೆ ಸೇರುವಂತೆ ನೋಡಿಕೊಳ್ಳುತ್ತೇನೆ.

"ಸುಳ್ಳು ಬರೀತಿದ್ದೀಯಲ್ಲ ದೊಡ್ಡಮ್ಮ," ಎಂದಳು ಹುಡುಗಿ, ಕೈಯಲ್ಲಿದ್ದ ಇಕ್ಕುಳವನ್ನು ಬಿಡದೆ.

"ಎಲ್ಲಿ ಸುಳ್ಳು? ಆರರೊಳಗೆ ಸೇರೋದಿಲ್ವಾ ಅವಳು?" ಎಂದೆ.

ಉತ್ತರ ಅಂಗೀಕಾರವಾಯಿತು. ಪೋಷಕಿ ಪಶ್ಚಾತ್ತಾಪ ಪಟ್ಟಿದ್ದಾಳೆಂದು ಕಡತದಲ್ಲಿ ಬರೆದರು. ಕಾವಲಿನವರು ಸಂಜೆ ಆರಕ್ಕೆ ಎದ್ದು, ಖಾಲಿ ಕುರ್ಚಿಯನ್ನು ಗೋಡೆಗೆ ಒತ್ತರಿಸಿ, ಮನೆ ಸೇರಿದಳು ಎಂದು ಪುಸ್ತಕದಲ್ಲಿ ನಮೂದಿಸಿ ಹೋಗುತ್ತಾರೆ. ದಾರಿಯಲ್ಲಿ ಸಿಕ್ಕ ತಾಯಂದಿರು, ಈಚೆಗೆ ನಿಮ್ಮ ಹುಡುಗಿ ಹೇಗಿದ್ದಾಳೆ, ಸ್ವಲ್ಪ ತಿದ್ದಿಕೊಂಡಳೇ ಎಂದು ನನ್ನನ್ನು ಕನಿಕರದಿಂದ ವಿಚಾರಿಸುತ್ತಾರೆ. ವಿಚಾರಿಸಿ, ಸೆರಗಿನೊಳಗಿಂದ ನಲವತ್ತೆರಡನೆಯ, ನಲವತ್ತಮೂರನೆಯ ದೂರನ್ನು ತೆಗೆದು ಸಹಿಗೆ ಹಿಡಿಯುತ್ತಾರೆ. ಅವಳು ಹಾಗೆಯೇ, ಏನು ಮಾಡುವುದು, ಎಂದು ನಾನು ಸಹಿ ಹಾಕಿಕೊಡುತ್ತೇನೆ.

ಇದು ನನ್ನ ಮೊದಲ ಬರಹ. ಇದರಲ್ಲಿರುವ ತಪ್ಪುಗಳನ್ನು ಓದಿದವರು ದಯವಿಟ್ಟು ಮನ್ನಿಸಬೇಕು.